ಸಾವಯವ ಆಮ್ಲಗಳ ಸಹಸ್ಫಟಿಕಗಳು ಮತ್ತು ಜಲಜನಕ ಬಂಧ: ‘ಸಿಂಥಾನ್’ ಪರಿಕಲ್ಪನೆಯ ಒಂದು ವಿಮರ್ಶೆ

ಪೀಠಿಕೆ

ಎರಡು ಭಿನ್ನ ಸಂಯುಕ್ತಗಳ ಅಣುಗಳು ನಿಶ್ಚಿತ ಪ್ರಮಾಣದಲ್ಲಿ ಒಂದೇ ಸ್ಫಟಿಕಜಾಲದೊಳಗೆ ಸೇರಿ ನಿಂತಾಗ ದೊರೆಯುವ ಘನವಸ್ತುವನ್ನು ಸಹಸ್ಫಟಿಕ ಎಂದು ಕರೆಯುವುದು ವಾಡಿಕೆ. 1844ರಲ್ಲಿ ಫ್ರೆಡರಿಕ್ ವೋಲರ್ ವರ್ಣಿಸಿದ ಕ್ವಿನ್‌ಹೈಡ್ರೋನ್ ಇದಕ್ಕೆ ಮೊದಲ ನಿದರ್ಶನವೆಂದು ಸಾಮಾನ್ಯವಾಗಿ ಉಲ್ಲೇಖಗೊಳ್ಳುತ್ತದೆ. ಆದರೆ ಈ ವಸ್ತುಗಳನ್ನು ಆಕಸ್ಮಿಕವಾಗಿ ಪಡೆಯುವ ಬದಲು ಉದ್ದೇಶಪೂರ್ವಕವಾಗಿ ರಚಿಸಬಹುದೆಂಬ ವಿಶ್ವಾಸ ಬಲಗೊಂಡದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಆ ವಿಶ್ವಾಸಕ್ಕೆ ಆಧಾರವಾದ ಪರಿಕಲ್ಪನೆ ‘ಸಿಂಥಾನ್’. ಅಣುವಿನಿಂದ ಅಣುವಿಗೆ ಜಲಜನಕ ಬಂಧದ ಮೂಲಕ ಮತ್ತೆ ಮತ್ತೆ ಮೈದೋರುವ ಜೋಡಣೆಯ ಮಾದರಿಯೇ ಸಿಂಥಾನ್. ಅದನ್ನು ಗುರುತಿಸಿದರೆ ಸ್ಫಟಿಕದ ರಚನೆಯನ್ನು ಮುಂದಾಗಿ ಊಹಿಸಬಹುದು ಎಂಬುದು ಅದರ ಹಿಂದಿನ ನಂಬಿಕೆ.

ಸಾವಯವ ಆಮ್ಲಗಳು, ಅದರಲ್ಲಿಯೂ ಕಾರ್ಬಾಕ್ಸಿಲಿಕ್ ಆಮ್ಲಗಳು, ಈ ನಂಬಿಕೆಯ ಮುಖ್ಯ ಪರೀಕ್ಷಾಕ್ಷೇತ್ರ. ಆ ಕ್ಷೇತ್ರದ ಪುರಾವೆಗಳನ್ನು ಮುಂದಿಟ್ಟುಕೊಂಡು ಸಿಂಥಾನ್ ಎಂಬುದು ನಿಯಮವೇ, ಅಥವಾ ಓದುವ ಒಂದು ಕ್ರಮವೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧದಲ್ಲಿ ವಿಮರ್ಶಿಸಲಾಗಿದೆ. ಈ ಪ್ರಶ್ನೆಗೆ ಕೇವಲ ತಾತ್ವಿಕ ಮಹತ್ವವಿದೆ ಎಂದು ಭಾವಿಸಬೇಕಾಗಿಲ್ಲ. ಮಳೆಗಾಲದ ಕರಾವಳಿಯಲ್ಲಿ ಒಂದು ಔಷಧದ ಮಾತ್ರೆ ಕೆಡದೆ ಉಳಿಯುವುದೇ, ಒಂದು ವಸ್ತುವನ್ನು ಕಾನೂನು ಲವಣವೆನ್ನುವುದೇ ಅಥವಾ ಸಹಸ್ಫಟಿಕವೆನ್ನುವುದೇ ಎಂಬಂಥ ವಿಷಯಗಳು ಇದರ ಉತ್ತರವನ್ನು ಅವಲಂಬಿಸಿವೆ.

ಬಂಧದ ವ್ಯಾಖ್ಯೆ ಮತ್ತು ಕನ್ನಡದ ಪದಗಳು

ಜಲಜನಕ ಬಂಧದ ಇಂದಿನ ಅಧಿಕೃತ ವ್ಯಾಖ್ಯೆಗೆ ಕರ್ನಾಟಕದ ನಂಟಿದೆ. ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟವು 2011ರಲ್ಲಿ ಪ್ರಕಟಿಸಿದ ವ್ಯಾಖ್ಯೆಯನ್ನು ರೂಪಿಸಿದ ಕಾರ್ಯಪಡೆಯ ನೇತೃತ್ವವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್ ವಹಿಸಿದ್ದರು, ಗೌತಮ್ ಆರ್. ದೇಸಿರಾಜು ಅದರ ಸದಸ್ಯರಲ್ಲೊಬ್ಬರು. ಜಲಜನಕಕ್ಕಿಂತ ಹೆಚ್ಚು ವಿದ್ಯುದೃಣತ್ವವುಳ್ಳ ಪರಮಾಣುವಿಗೆ ಅಂಟಿದ ಜಲಜನಕಕ್ಕೂ, ಅದೇ ಅಣುವಿನ ಅಥವಾ ಬೇರೊಂದು ಅಣುವಿನ ಪರಮಾಣುವಿಗೂ ನಡುವೆ ಬಂಧ ಏರ್ಪಟ್ಟಿರುವುದಕ್ಕೆ ಪುರಾವೆಯುಳ್ಳ ಆಕರ್ಷಣೆ ಎಂಬುದು ಆ ವ್ಯಾಖ್ಯೆಯ ಸಾರ. ಇಲ್ಲಿ ‘ಪುರಾವೆ’ ಎಂಬ ಮಾತು ಮುಖ್ಯವಾದುದು. ಪರಮಾಣುಗಳು ಹತ್ತಿರವಿದ್ದ ಮಾತ್ರಕ್ಕೆ ಬಂಧವಿದೆಯೆಂದು ಹೇಳಲು ಈ ವ್ಯಾಖ್ಯೆ ಅವಕಾಶ ಕೊಡುವುದಿಲ್ಲ. ರೋಹಿತದ ಬದಲಾವಣೆ, ಕೋನ, ಶಕ್ತಿ ಮೊದಲಾದ ಸಾಕ್ಷ್ಯಗಳನ್ನು ಒಟ್ಟಾಗಿ ಪರಿಶೀಲಿಸಬೇಕಾಗುತ್ತದೆ.

ಇಷ್ಟು ಎಚ್ಚರಿಕೆ ಏಕೆ ಬೇಕಾಯಿತು ಎಂಬುದಕ್ಕೆ ಇತಿಹಾಸವೇ ಉತ್ತರ. ಇಂಗಾಲಕ್ಕೆ ಅಂಟಿದ ಜಲಜನಕವೂ ಆಮ್ಲಜನಕದೊಡನೆ ಬಂಧ ಬೆಳೆಸಬಲ್ಲುದೆಂದು ಜೂನ್ ಸೂಟರ್ 1962ರಲ್ಲಿ ಸ್ಫಟಿಕರಚನೆಗಳ ಆಧಾರದ ಮೇಲೆ ವಾದಿಸಿದರು. 1968ರಲ್ಲಿ ಜೆರ್ರಿ ಡೋನೊಹ್ಯೂ ಇದನ್ನು ತೀವ್ರವಾಗಿ ಅಲ್ಲಗಳೆದರು. ನ್ಯೂಟ್ರಾನ್ ವಿವರ್ತನೆಯ ದತ್ತಾಂಶಗಳನ್ನು ಬಳಸಿ ರಾಬಿನ್ ಟೇಲರ್ ಮತ್ತು ಓಲ್ಗಾ ಕೆನಾರ್ಡ್ 1982ರಲ್ಲಿ ಸೂಟರ್ ಅವರ ನಿಲುವನ್ನು ಎತ್ತಿಹಿಡಿಯುವವರೆಗೆ ಆ ವಿಷಯ ಬದಿಗೆ ಸರಿದಿತ್ತು. ಒಬ್ಬ ಸಂಶೋಧಕಿಯ ಸರಿಯಾದ ಓದು ಎರಡು ದಶಕಗಳ ಕಾಲ ಮೂಲೆಗುಂಪಾದ ಈ ಪ್ರಸಂಗವು ಒಂದು ಕಾಲದ ಒಮ್ಮತವನ್ನು ಸತ್ಯವೆಂದು ತಿಳಿಯಬಾರದೆಂಬುದನ್ನು ತೋರಿಸುತ್ತದೆ. ಇಂದಿನ ಸಿಂಥಾನ್ ಒಮ್ಮತಕ್ಕೂ ಈ ಮಾತು ಅನ್ವಯಿಸುತ್ತದೆ.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರಿಗೆ ಇನ್ನೊಂದು ತೊಡಕಿದೆ. ‘ಆಮ್ಲಜನಕ’ ಎಂಬ ಪದ ಲವಾಸಿಯೇ ನೀಡಿದ ಹೆಸರಿನ ನೇರ ಭಾಷಾಂತರ. ಆಮ್ಲಗಳನ್ನು ಹುಟ್ಟಿಸುವುದು ಈ ಅನಿಲವೇ ಎಂದು ಆತ ತಿಳಿದಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆ ಅನಿಲವೇ ಇಲ್ಲವೆಂದು ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿಕೊಟ್ಟ. ಆಮ್ಲತ್ವ ನೆಲೆಸಿರುವುದು ಬಿಟ್ಟುಕೊಡಬಲ್ಲ ಜಲಜನಕದಲ್ಲಿ. ಆದರೂ ನಮ್ಮ ಪದ ಹಳೆಯ ತಪ್ಪನ್ನು ಹೊತ್ತುಕೊಂಡೇ ಬಂದಿದೆ. ಪದವನ್ನು ಈಗ ಬದಲಿಸಬೇಕೆಂಬುದು ಇಲ್ಲಿಯ ಆಗ್ರಹವಲ್ಲ. ರೂಢಿಗೆ ಅದರದೇ ಆದ ಬೆಲೆಯಿದೆ. ಆದರೆ ಆಮ್ಲದ ಗುಂಪಿನಲ್ಲಿ ಕೊಡುವ ಕೈ ಯಾವುದು, ಕೊಳ್ಳುವ ಕೈ ಯಾವುದು ಎಂಬುದೇ ಪ್ರಸ್ತುತ ವಿಷಯದ ತಿರುಳಾದ್ದರಿಂದ, ಅಧ್ಯಾಪಕರು ಈ ಪದದ ಇತಿಹಾಸವನ್ನು ತಿಳಿಸದೆ ಮುಂದುವರಿಯುವಂತಿಲ್ಲ.

ಆಮ್ಲಗಳ ಎರಡು ವಿನ್ಯಾಸಗಳು

ಕಾರ್ಬಾಕ್ಸಿಲಿಕ್ ಗುಂಪಿನಲ್ಲಿ ದಾತೃವೂ ಇದೆ, ಗ್ರಾಹಿಯೂ ಇದೆ. ಆದ್ದರಿಂದ ಎರಡು ಆಮ್ಲ ಅಣುಗಳು ಎದುರುಬದುರಾಗಿ ನಿಂತು ಪರಸ್ಪರ ಕೊಟ್ಟು ಕೊಂಡರೆ ಎಂಟು ಪರಮಾಣುಗಳ ಒಂದು ಉಂಗುರ ಸಿದ್ಧವಾಗುತ್ತದೆ. ಎರಡು ಆಮ್ಲಜನಕಗಳ ನಡುವಣ ಅಂತರ ಇಲ್ಲಿ ಸುಮಾರು 2.6 ಆಂಗ್‌ಸ್ಟ್ರಾಂ. ಬೆಂಜೋಯಿಕ್ ಆಮ್ಲದಲ್ಲಿ ಕಾಣುವುದು ಈ ಜೋಡಿಯುಂಗುರವೇ. ಪರ್ಯಾಯವಾಗಿ, ಒಂದು ಅಣು ಮುಂದಿನದಕ್ಕೆ ಕೊಟ್ಟು ಹಿಂದಿನದರಿಂದ ಕೊಂಡರೆ ಕೊನೆಯಿಲ್ಲದ ಸರಪಳಿ ದೊರೆಯುತ್ತದೆ. ಅತ್ಯಂತ ಸರಳವಾದ ಫಾರ್ಮಿಕ್ ಮತ್ತು ಅಸೆಟಿಕ್ ಆಮ್ಲಗಳು ಘನಸ್ಥಿತಿಯಲ್ಲಿ ಈ ಸರಪಳಿಯನ್ನೇ ಆರಿಸಿಕೊಳ್ಳುತ್ತವೆ. ಆಕ್ಸಾಲಿಕ್ ಆಮ್ಲದ ಎರಡು ರೂಪಗಳಲ್ಲಿ ಒಂದರಲ್ಲಿ ಉಂಗುರಗಳಿವೆ, ಇನ್ನೊಂದರಲ್ಲಿ ಇಲ್ಲ. ಪಠ್ಯಪುಸ್ತಕಗಳು ಜೋಡಿಯುಂಗುರವನ್ನೇ ಆಮ್ಲದ ಸಹಜಸ್ಥಿತಿಯೆಂದು ಬಿಂಬಿಸುವಾಗ, ಆಮ್ಲವರ್ಗದ ಅತಿ ಚಿಕ್ಕ ಸದಸ್ಯರೇ ಅದಕ್ಕೆ ಅಪವಾದವಾಗಿರುವುದನ್ನು ಮರೆಮಾಡುತ್ತವೆ.

ಮೂರು ಆಮ್ಲಗುಂಪುಗಳುಳ್ಳ ಟ್ರೈಮೆಸಿಕ್ ಆಮ್ಲ ಇನ್ನೂ ಬೋಧಪ್ರದವಾದುದು. ಉಂಗುರದ ತರ್ಕವನ್ನು ಅನುಸರಿಸಿದರೆ ಅದು ಜೇನುಹಟ್ಟಿಯಂಥ ಹಾಳೆಯನ್ನು ರಚಿಸಬೇಕು. 1969ರಲ್ಲಿ ಡುಷಾಂ ಮತ್ತು ಮಾರ್ಷ್ ಪ್ರಕಟಿಸಿದ ರಚನೆಯಲ್ಲಿ ಅಂಥ ಜಾಲ ಕಂಡುಬಂದಿತು. ಆದರೆ ಜಾಲದ ದೊಡ್ಡ ರಂಧ್ರಗಳು ಬರಿದಾಗಿ ಉಳಿಯಲಿಲ್ಲ, ಇತರ ಜಾಲಗಳು ಅವುಗಳ ಮೂಲಕ ಹೆಣೆದುಕೊಂಡಿದ್ದವು. ಹತ್ತಿರದ ಬಂಧವನ್ನು ಸರಿಯಾಗಿ ಊಹಿಸಿದರೂ ಇಡಿಯ ಸ್ಫಟಿಕವನ್ನು ಊಹಿಸಿದಂತಾಗುವುದಿಲ್ಲ ಎಂಬ ಪಾಠ ಅಂದೇ ದೊರೆತಿತ್ತು.

ಈ ವೈವಿಧ್ಯವನ್ನು ವರ್ಣಿಸಲು ಒಂದು ವ್ಯಾಕರಣವನ್ನು ಒದಗಿಸಿದವರು ಅಮೆರಿಕದ ಮಾರ್ಗರೆಟ್ ಎಟ್ಟರ್. ಸರಪಳಿ, ಉಂಗುರ, ಅಣುವಿನೊಳಗಿನ ಬಂಧ, ಬಿಡಿ ಬಂಧ ಎಂದು ನಾಲ್ಕು ಬಗೆಗಳನ್ನು ಗುರುತಿಸಿ, ಪ್ರತಿಯೊಂದರಲ್ಲಿ ದಾತೃಗಳೆಷ್ಟು, ಗ್ರಾಹಿಗಳೆಷ್ಟು, ಪರಮಾಣುಗಳೆಷ್ಟು ಎಂದು ಎಣಿಸುವ ಕ್ರಮವನ್ನು ಅವರು 1990ರ ಲೇಖನದಲ್ಲಿ ವಿಶದಪಡಿಸಿದರು. ಅತ್ಯುತ್ತಮ ದಾತೃ ಅತ್ಯುತ್ತಮ ಗ್ರಾಹಿಯೊಡನೆ ಬಂಧ ಬೆಳೆಸುತ್ತದೆ ಎಂಬ ನಿಯಮವೂ ಅವರದೇ. 1992ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡರೂ ಆ ವ್ಯಾಕರಣ ಉಳಿದು ಬೆಳೆಯಿತು. ಅದರ ಶ್ರೇಷ್ಠ ಗುಣವೆಂದರೆ ವಿನಯ. ಕಂಡದ್ದನ್ನು ಖಚಿತವಾಗಿ ಹೇಳುವುದಕ್ಕೆ ಅದು ಸಾಧನ. ಕಾಣದಿರುವುದರ ಬಗ್ಗೆ ಅದರ ನಿಯಮಗಳು ಒಲವನ್ನು ಸೂಚಿಸುತ್ತವೆಯೇ ಹೊರತು ಕಟ್ಟಳೆಯನ್ನು ವಿಧಿಸುವುದಿಲ್ಲ.

ಸಿಂಥಾನ್‌ನ ಬಲ

ವರ್ಣನೆಯಿಂದ ರಚನೆಯ ಕಡೆಗೆ ಹೆಜ್ಜೆಯಿಟ್ಟವರು ದೇಸಿರಾಜು. ‘ಸ್ಫಟಿಕ ಎಂಜಿನಿಯರಿಂಗ್’ ಎಂಬ ಮಾತನ್ನು 1955ರಲ್ಲಿ ಪೆಪಿನ್‌ಸ್ಕಿ ಬಳಸಿದ್ದರು. 1971ರಲ್ಲಿ ಷ್ಮಿಟ್ ಅದಕ್ಕೆ ಘನಸ್ಥಿತಿಯ ದ್ಯುತಿಕ್ರಿಯೆಗಳ ಸಂದರ್ಭದಲ್ಲಿ ಅರ್ಥ ತುಂಬಿದ್ದರು. ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ದೇಸಿರಾಜು 1989ರಲ್ಲಿ ಈ ವಿಷಯದ ಮೇಲೆ ಸಮಗ್ರ ಗ್ರಂಥವನ್ನು ಬರೆದರು. 1995ರ ಲೇಖನದಲ್ಲಿ ಸಿಂಥಾನ್ ಪರಿಕಲ್ಪನೆಯನ್ನು ಮಂಡಿಸಿದರು. ಸಾವಯವ ಸಂಶ್ಲೇಷಣೆಗಾಗಿ ಕೋರಿ 1967ರಲ್ಲಿ ರೂಪಿಸಿದ್ದ ಪದವನ್ನು ಅವರು ಅಣುಗಳಾಚೆಗಿನ ಜೋಡಣೆಗೆ ವಿಸ್ತರಿಸಿದರು. 2009ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಈ ಚಿಂತನೆಯ ಒಂದು ಮುಖ್ಯ ಕೇಂದ್ರ ಕರ್ನಾಟಕದಲ್ಲಿ ನೆಲೆಗೊಂಡಿತು.

ಸಹಸ್ಫಟಿಕಗಳ ವಿಷಯದಲ್ಲಿ ಈ ಪರಿಕಲ್ಪನೆಯ ಬಲ ನಿರ್ವಿವಾದ. ಆಮ್ಲಕ್ಕೆ ಇನ್ನೊಂದು ಆಮ್ಲಕ್ಕಿಂತ ಪಿರಿಡಿನ್‌ನ ಸಾರಜನಕ ಹೆಚ್ಚು ಪ್ರಿಯ. ಐಸೋನಿಕೋಟಿನಮೈಡ್ ಎಂಬ ಅಣುವಿನಲ್ಲಿ ಪಿರಿಡಿನ್ ತುದಿಯೂ ಅಮೈಡ್ ತುದಿಯೂ ಇವೆ. ಕ್ರಿಸ್ಟರ್ ಆಕೆರಾಯ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಎರಡು ಆಮ್ಲಗಳನ್ನು ಒಟ್ಟಿಗೆ ಕೊಡಲಾಯಿತು. ಪ್ರಬಲವಾದ ಡೈನೈಟ್ರೋಬೆಂಜೋಯಿಕ್ ಆಮ್ಲ ಪಿರಿಡಿನ್ ತುದಿಯನ್ನು ಹಿಡಿಯಿತು. ದುರ್ಬಲವಾದ ಮೀಥೈಲ್‌ಬೆಂಜೋಯಿಕ್ ಆಮ್ಲ ಅಮೈಡ್ ತುದಿಯನ್ನು ಹಿಡಿಯಿತು. ಮೂರು ಅಣುಗಳು ಮುಂದಾಗಿ ಹೇಳಿದ ಸ್ಥಾನಗಳಲ್ಲೇ ನಿಂತವು. ಎಟ್ಟರ್ ಹೇಳಿದ ಒಲವು ಇಲ್ಲಿ ನಿಜವಾದ ಮುನ್ಸೂಚನೆಯಾಗಿ ಕೆಲಸ ಮಾಡಿದೆ ಎಂಬುದನ್ನು ಒಪ್ಪಬೇಕು.

ಸಿಂಥಾನ್‌ನ ಮಿತಿ

ಹಾಗಿದ್ದರೂ ಮೂರು ಆಕ್ಷೇಪಗಳನ್ನು ಪರಿಗಣಿಸದೆ ಈ ಪರಿಕಲ್ಪನೆಯನ್ನು ನಿಯಮವೆಂದು ಸ್ವೀಕರಿಸಲಾಗದು.

ಮೊದಲನೆಯದು ಸಂಭವನೀಯತೆಗೆ ಸಂಬಂಧಿಸಿದ್ದು. ಕೇಂಬ್ರಿಡ್ಜ್‌ನ ರಚನಾ ದತ್ತಸಂಚಯವನ್ನು ಆಧರಿಸಿ ಅಲೆನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಆಮ್ಲದ ಜೋಡಿಯುಂಗುರ ಏರ್ಪಡಬಹುದಾಗಿದ್ದ ರಚನೆಗಳಲ್ಲಿ ಅದು ವಾಸ್ತವವಾಗಿ ಏರ್ಪಟ್ಟದ್ದು ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ. ಸ್ಪರ್ಧೆಗಿಳಿಯುವ ಬೇರೆ ಗುಂಪುಗಳು ಇದ್ದಾಗ ಉಂಗುರ ಒಡೆಯುತ್ತದೆ. ಎಂದರೆ ಸಿಂಥಾನ್ ಗುಂಪಿನ ಸ್ವಂತ ಗುಣವಲ್ಲ, ಅದು ಸನ್ನಿವೇಶದ ಗುಣ. ಇದರ ಜೊತೆಗೆ ದತ್ತಸಂಚಯವೇ ಒಂದು ಪಕ್ಷಪಾತವನ್ನು ಒಳಗೊಂಡಿದೆ. 2019ರಲ್ಲಿ ಹತ್ತು ಲಕ್ಷ ರಚನೆಗಳ ಗಡಿಯನ್ನು ದಾಟಿದ ಆ ಸಂಚಯದಲ್ಲಿ ಇರುವುದು ಸ್ಫಟಿಕವಾಗಿ ಕೈಗೆ ಬಂದವುಗಳು ಮಾತ್ರ. ಕೂಡಲೊಲ್ಲದ ಜೋಡಿಗಳ ಲೆಕ್ಕ ಅದರಲ್ಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಮೂಲಭೂತವಾದುದು. ಜಾಕ್ ಡುನಿಟ್ಸ್ ಮತ್ತು ಆಂಜೆಲೊ ಗವೆಝೊಟ್ಟಿ 2005ರಲ್ಲಿ ಒಂದು ಪ್ರಶ್ನೆಯನ್ನು ಎತ್ತಿದರು: ಸ್ಫಟಿಕವನ್ನು ಹಿಡಿದಿಡುವುದು ಪರಮಾಣುವಿನಿಂದ ಪರಮಾಣುವಿಗೆ ಎಳೆದ ಬಿಡಿ ಬಂಧಗಳೇ, ಅಥವಾ ಇಡಿಯ ಅಣುಗಳ ನಡುವಣ ಹರಡಿಕೊಂಡ ಆಕರ್ಷಣೆಯೇ? ಚಿತ್ರದಲ್ಲಿ ಚುಕ್ಕಿಗೆರೆಯಿಂದ ತೋರಿಸಲಾಗದ ಈ ಆಕರ್ಷಣೆ ಒಟ್ಟು ಶಕ್ತಿಯ ದೊಡ್ಡ ಪಾಲಾಗಿರಬಹುದು. ಪ್ರಬಲ ಆಮ್ಲಬಂಧಗಳಿರುವಲ್ಲಿ ಸಿಂಥಾನ್ ವಾದ ಈ ಆಕ್ಷೇಪಕ್ಕೆ ಸಾಕಷ್ಟು ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಬಂಧ ದುರ್ಬಲವಾದಂತೆಲ್ಲ ಅದರ ನಿಲುವೂ ದುರ್ಬಲವಾಗುತ್ತದೆ. ಆದ್ದರಿಂದ ಎರಡೂ ಪಕ್ಷಗಳನ್ನು ಸಮಾನವಾಗಿ ಸರಿಯೆಂದು ಹೇಳಿ ವಿವಾದವನ್ನು ಮುಗಿಸುವುದು ಉಚಿತವಲ್ಲ. ಯಾವ ಬಂಧದ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದರ ಮೇಲೆ ತೀರ್ಮಾನ ಬೇರೆಯಾಗಬೇಕು.

ಮೂರನೆಯದು ಕಾಲಕ್ಕೂ ಸನ್ನಿವೇಶಕ್ಕೂ ಸಂಬಂಧಿಸಿದ್ದು. ಕೆಫೀನ್ ಮತ್ತು ಬೆಂಜೋಯಿಕ್ ಆಮ್ಲದ ಸಹಸ್ಫಟಿಕಕ್ಕಾಗಿ ದಶಕಗಳ ಕಾಲ ನಡೆದ ಯತ್ನಗಳು ಫಲಿಸಲಿಲ್ಲ. ಗಣನೆ ಮಾತ್ರ ಅದು ಸಾಧ್ಯವೆಂದು ಹೇಳುತ್ತಿತ್ತು. ಫ್ಲೋರೋಬೆಂಜೋಯಿಕ್ ಆಮ್ಲಗಳ ಸಹಸ್ಫಟಿಕಗಳನ್ನು ಬೀಜವಾಗಿ ಬಳಸಿದಾಗ ಅದು ಮೈದೋರಿತೆಂದು ಬುಚಾರ್ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದರು. ಒಮ್ಮೆ ಬೀಜ ಪ್ರಯೋಗಾಲಯವನ್ನು ಹೊಕ್ಕ ಮೇಲೆ ಅದನ್ನು ಪಡೆಯುವುದು ಸುಲಭವಾಯಿತು. ಸಿಂಥಾನ್ ಯಾವ ಜೋಡಣೆ ಹಿತವೆಂದು ಹೇಳಬಲ್ಲುದು. ಅದು ಯಾವಾಗ ಹುಟ್ಟುತ್ತದೆ ಎಂಬುದು ಅದರ ವ್ಯಾಪ್ತಿಗೆ ಮೀರಿದ್ದು.

ಪ್ರೋಟಾನಿನ ನೆಲೆ

ಆಮ್ಲದ ಜಲಜನಕ ಎದುರಿನ ಸಾರಜನಕಕ್ಕೆ ಪೂರ್ತಿಯಾಗಿ ದಾಟಿಹೋದರೆ ದೊರೆಯುವುದು ಲವಣ. ತನ್ನ ಮನೆಯಲ್ಲೇ ಉಳಿದು ಕೈಚಾಚಿದರೆ ಸಹಸ್ಫಟಿಕ. ಪ್ರತ್ಯಾಮ್ಲ ಮತ್ತು ಆಮ್ಲಗಳ ಪಿಕೆಎ ವ್ಯತ್ಯಾಸ 3ಕ್ಕಿಂತ ಹೆಚ್ಚಿದ್ದರೆ ಲವಣ, ಸೊನ್ನೆಗಿಂತ ಕಡಿಮೆಯಿದ್ದರೆ ಸಹಸ್ಫಟಿಕ ಎಂಬುದು ಬಳಕೆಯ ಸೂತ್ರ. ಇವೆರಡರ ನಡುವಣ ವ್ಯಾಪ್ತಿಯಲ್ಲಿ ಸ್ಪಷ್ಟ ಗೆರೆಯಿಲ್ಲದ ಒಂದು ನಿರಂತರತೆ ಇದೆಯೆಂದು ಚೈಲ್ಡ್ಸ್, ಸ್ಟಾಲಿ ಮತ್ತು ಪಾರ್ಕ್ 2007ರಲ್ಲಿ ತೋರಿಸಿದರು. ಪಿರಿಡಿನ್ ಮತ್ತು ಫಾರ್ಮಿಕ್ ಆಮ್ಲ ಒಂದಕ್ಕೊಂದರಂತೆ ಸೇರಿದಾಗ ಸಹಸ್ಫಟಿಕವಾಗುತ್ತವೆ. ಒಂದಕ್ಕೆ ನಾಲ್ಕರಂತೆ ಸೇರಿದಾಗ ಲವಣವಾಗುತ್ತವೆ. ಅಣುಗಳು ಅವೇ, ಪಿಕೆಎ ವ್ಯತ್ಯಾಸವೂ ಅದೇ; ಸುತ್ತಣ ಜಾಲ ಮಾತ್ರ ಬೇರೆ.

ಇಲ್ಲಿ ಸಾಧನದ ಮಿತಿಯನ್ನೂ ನೆನೆಯಬೇಕು. ಕ್ಷ-ಕಿರಣಗಳು ಕಾಣುವುದು ಎಲೆಕ್ಟ್ರಾನುಗಳನ್ನು. ಜಲಜನಕದ ಒಂಟಿ ಎಲೆಕ್ಟ್ರಾನು ಬಂಧದ ಕಡೆಗೆ ವಾಲಿರುವುದರಿಂದ ಅದರ ಸ್ಥಾನ ನಿಜಕ್ಕಿಂತ ಹತ್ತಿರವಿರುವಂತೆ ತೋರುತ್ತದೆ. ಆದಕಾರಣ ಇಂಗಾಲ-ಆಮ್ಲಜನಕ ಅಂತರಗಳನ್ನು ಸಾಕ್ಷಿಗೆ ಕರೆಯಬೇಕಾಗುತ್ತದೆ. ತಟಸ್ಥ ಆಮ್ಲದಲ್ಲಿ ಅವು ಸುಮಾರು 1.21 ಮತ್ತು 1.31 ಆಂಗ್‌ಸ್ಟ್ರಾಂ, ಪ್ರೋಟಾನು ಕಳೆದುಕೊಂಡ ಗುಂಪಿನಲ್ಲಿ ಎರಡೂ 1.25ರ ಆಸುಪಾಸಿನಲ್ಲಿರುತ್ತವೆ. ಈ ಪರಿಶೀಲನೆಯಿಲ್ಲದೆ ಶೀರ್ಷಿಕೆಯಲ್ಲಿ ‘ಸಹಸ್ಫಟಿಕ’ ಎಂದು ಬರೆದ ವರದಿಯನ್ನು ಎಚ್ಚರಿಕೆಯಿಂದ ಓದಬೇಕು.

ಕಾನೂನು ಮಾತ್ರ ಗೆರೆಯನ್ನು ಬಯಸುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರ ಮಾರ್ಗಸೂಚಿಯಲ್ಲಿ ಸಹಸ್ಫಟಿಕವನ್ನು ಔಷಧ ತಯಾರಿಕೆಯ ಮಧ್ಯಂತರ ವಸ್ತುವೆಂದು ವರ್ಗೀಕರಿಸಿ, 2018ರಲ್ಲಿ ಆ ನಿಲುವನ್ನು ಬದಲಿಸಿ ಅದನ್ನು ದ್ರಾವಕಯುಕ್ತ ಸ್ಫಟಿಕಗಳ ವಿಶೇಷ ಬಗೆಯೆಂದು ಕಂಡಿತು. ಭಾರತದ ಪೇಟೆಂಟ್ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿಯ ನಂತರದ 3(ಡಿ) ಕಲಮಿನ ವಿವರಣೆ ಲವಣ, ಬಹುರೂಪ, ಸಂಕೀರ್ಣ, ಸಂಯೋಜನೆ ಮೊದಲಾದುವನ್ನು ಹೆಸರಿಸುತ್ತದೆ. ಪರಿಣಾಮಕಾರಿತ್ವದಲ್ಲಿ ಗಣನೀಯ ವ್ಯತ್ಯಾಸವಿಲ್ಲದಿದ್ದರೆ ಇವು ತಿಳಿದಿರುವ ವಸ್ತುವೇ ಎಂದು ಹೇಳುತ್ತದೆ. ಸಹಸ್ಫಟಿಕದ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ‘ಇತರ ವ್ಯುತ್ಪನ್ನಗಳು’ ಎಂಬ ಮಾತು ಅದನ್ನೂ ಒಳಗೊಳ್ಳಬಲ್ಲುದು. ಒಂದು ಪ್ರೋಟಾನು ಒಂದು ಆಂಗ್‌ಸ್ಟ್ರಾಂನಷ್ಟೂ ಸರಿಯದೆ ವಸ್ತುವಿನ ಹೆಸರು ಬದಲಾಗುವ ಕ್ಷೇತ್ರದಲ್ಲಿ, ಹೆಸರಿನ ಮೇಲಲ್ಲದೆ ಗುಣದ ಮೇಲೆ ತೀರ್ಪು ನಿಲ್ಲಬೇಕೆಂಬ ಭಾರತೀಯ ಕಾನೂನಿನ ಧೋರಣೆ ವಿಜ್ಞಾನಕ್ಕೆ ಹೆಚ್ಚು ಹತ್ತಿರವಾದುದು ಎಂದು ಹೇಳಬಹುದು.

ಕರಾವಳಿಯ ದೃಷ್ಟಿಯಿಂದ

ಉಡುಪಿಯ ಸಮೀಪದ ಸಂತೆಕಟ್ಟೆ, ಕಾಪು, ಕಾರ್ಕಳಗಳಂಥ ಊರುಗಳಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ನೀರೊಡೆಯುವ ಈ ಗಾಳಿಯಲ್ಲಿ ಔಷಧದ ಪುಡಿ ತೇವ ಹೀರುವುದು ದಿನನಿತ್ಯದ ಸಮಸ್ಯೆ. ಕೆಫೀನ್ ತೇವವನ್ನು ಹೀರಿ ಸಜಲ ಸ್ಫಟಿಕವಾಗುವ ಸ್ವಭಾವದ್ದು. ಟ್ರಾಸ್ಕ್, ಮೋದರ್‌ವೆಲ್ ಮತ್ತು ಜೋನ್ಸ್ 2005ರಲ್ಲಿ ಅದನ್ನು ಹಲವು ದ್ವಿಕಾರ್ಬಾಕ್ಸಿಲಿಕ್ ಆಮ್ಲಗಳೊಡನೆ ಸೇರಿಸಿ ಪರೀಕ್ಷಿಸಿದರು. ಎರಡು ಕೆಫೀನ್‌ಗೆ ಒಂದರಂತೆ ಆಕ್ಸಾಲಿಕ್ ಆಮ್ಲ ಸೇರಿದ ಸಹಸ್ಫಟಿಕ ಶೇ. 98ರ ಸಾಪೇಕ್ಷ ಆರ್ದ್ರತೆಯಲ್ಲಿ ವಾರಗಟ್ಟಲೆ ಇಟ್ಟರೂ ಸಜಲವಾಗಲಿಲ್ಲ. ಅದೇ ಬಗೆಯ ಬಂಧವುಳ್ಳ ಇತರ ಕೆಲವು ಸಹಸ್ಫಟಿಕಗಳು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಸಿಂಥಾನ್ ಒಂದೇ ಆದರೂ ಬಾಳಿಕೆ ಬೇರೆ ಬೇರೆ ಎಂಬ ಈ ಫಲಿತಾಂಶ ಹಿಂದೆ ಹೇಳಿದ ಎರಡನೆಯ ಆಕ್ಷೇಪಕ್ಕೆ ಪ್ರಾಯೋಗಿಕ ಸಮರ್ಥನೆ.

ಇದೇ ನೆಲದ ಹುಳಿಗಳೂ ವಿಚಾರಯೋಗ್ಯವಾಗಿವೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ, ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ. ಪುನರ್ಪುಳಿ, ಉಪ್ಪಾಗೆಗಳಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಉಪ್ಪಾಗೆಯ ಹುಳಿಯನ್ನು ಹಿಂದಿನವರು ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವೆಂದು ತಿಳಿದಿದ್ದರು. ಅದು ಬೇರೆಯೇ ಆಮ್ಲವೆಂದು 1965ರಲ್ಲಿ ನಿಶ್ಚಯಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್. ಈ ಆಮ್ಲ ದ್ರಾವಣದಲ್ಲಿ ಸಾಂದ್ರವಾದಂತೆ ತನ್ನೊಳಗೇ ಮಡಚಿಕೊಂಡು ಲ್ಯಾಕ್ಟೋನ್ ಆಗುತ್ತದೆ. ಒಂದು ಆಮ್ಲಗುಂಪು ಹೊರಗಿನ ಜೊತೆಗಾರನನ್ನು ಹುಡುಕುವ ಮೊದಲೇ ಖರ್ಚಾಗುತ್ತದೆ. ಆ ಲ್ಯಾಕ್ಟೋನಿನ ಕ್ಯಾಲ್ಸಿಯಂ ಲವಣದ ಸ್ಫಟಿಕರಚನೆಯನ್ನೂ ಅಣುವಿನ ನಿರಪೇಕ್ಷ ವಿನ್ಯಾಸವನ್ನೂ ಫಿಲಡೆಲ್ಫಿಯಾದಲ್ಲಿ ಜೆನ್ನಿ ಗ್ಲಸ್ಕರ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ಗಟ್ಟಿಯಾದ ಬೆಂಜೀನ್ ಚೌಕಟ್ಟಿನ ಆಮ್ಲಗಳ ಮೇಲೆ ಬೆಳೆದ ಸಿಂಥಾನ್ ವ್ಯಾಕರಣಕ್ಕೆ, ಬಾಗುವ, ಮಡಚುವ, ಹೈಡ್ರಾಕ್ಸಿಲ್ ಗುಂಪುಗಳಿಂದ ಸ್ಪರ್ಧೆ ಎದುರಿಸುವ ಇಂಥ ಆಮ್ಲಗಳೇ ಕಠಿಣ ಪರೀಕ್ಷೆ. ನಮ್ಮ ಪಠ್ಯಗಳು ಬೆಂಜೋಯಿಕ್ ಆಮ್ಲದ ಪಕ್ಕದಲ್ಲಿ ಉಪ್ಪಾಗೆಯ ಆಮ್ಲವನ್ನೂ ಇರಿಸಿದರೆ ವಿದ್ಯಾರ್ಥಿಗೆ ನಿಯಮ ಮತ್ತು ಅಪವಾದಗಳೆರಡೂ ಒಟ್ಟಿಗೆ ತಿಳಿಯುತ್ತವೆ.

ಉಪಸಂಹಾರ

ಕರ್ನಾಟಕದಲ್ಲಿ ಈ ಕ್ಷೇತ್ರಕ್ಕೆ ದುಡಿಯುವ ಕೈಗಳು ಕಡಿಮೆಯಿಲ್ಲ. 2001ರಲ್ಲಿ ಆಕ್ಟಾ ಕ್ರಿಸ್ಟಲೋಗ್ರಾಫಿಕಾದ ‘ಇ’ ವಿಭಾಗ ಆರಂಭವಾದ ಮೇಲೆ ಮೈಸೂರು ಮತ್ತು ಮಂಗಳೂರು ವಿಶ್ವವಿದ್ಯಾನಿಲಯಗಳ ರಸಾಯನಶಾಸ್ತ್ರಜ್ಞರು, ಅನೇಕ ವೇಳೆ ವಿದೇಶದ ವಿವರ್ತನಮಾಪಕಗಳ ನೆರವಿನಿಂದ, ಬಹುಸಂಖ್ಯೆಯ ರಚನೆಗಳನ್ನು ಪ್ರಕಟಿಸಿದ್ದಾರೆ. ದತ್ತಸಂಚಯದ ಬೆಳವಣಿಗೆಗೆ ಇದು ಗಣ್ಯ ಕೊಡುಗೆ. ಆದರೆ ಆ ಕಿರುವರದಿ ಎಂಬ ಪ್ರಕಾರಕ್ಕೆ ಒಂದು ಕೊರತೆಯಿದೆ. ಅದು ಬಂಧಗಳ ಉದ್ದವನ್ನೂ ಕೋನವನ್ನೂ ಕೋಷ್ಟಕದಲ್ಲಿ ಕೊಡುತ್ತದೆ. ಯಾವ ವಿನ್ಯಾಸವನ್ನು ನಿರೀಕ್ಷಿಸಲಾಗಿತ್ತು, ದೊರೆತದ್ದು ಅದಕ್ಕಿಂತ ಹೇಗೆ ಭಿನ್ನ ಎಂಬುದಕ್ಕೆ ಅಲ್ಲಿ ಎಡೆ ಕಡಿಮೆ. ನಿರೀಕ್ಷೆಯನ್ನು ಮೊದಲೇ ದಾಖಲಿಸದಿದ್ದರೆ ಪ್ರತಿಯೊಂದು ರಚನೆಯೂ ಸಿಂಥಾನ್ ವಾದಕ್ಕೆ ಸಾಕ್ಷಿಯಾಗಿಯೇ ಕಾಣುತ್ತದೆ.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯ ಇಷ್ಟು. ಆಮ್ಲ-ಪಿರಿಡಿನ್‌ನಂಥ ಪ್ರಬಲ, ಅಸಮ ಜೋಡಿಗಳಲ್ಲಿ ಸಿಂಥಾನ್ ಮುನ್ಸೂಚನೆಯ ಸಾಧನ. ಆಮ್ಲ-ಆಮ್ಲ ಜೋಡಿಗಳಲ್ಲಿ ಅದು ಸಂಭವನೀಯತೆಯ ಹೇಳಿಕೆ. ದುರ್ಬಲ ಬಂಧಗಳಲ್ಲಿ ಅದು ಬಹುಮಟ್ಟಿಗೆ ಕಂಡದ್ದರ ಹೆಸರು. ಈ ಮೂರನ್ನೂ ಒಂದೇ ಪದದಿಂದ ಕರೆಯುವುದರಿಂದ ಗೊಂದಲ ಹುಟ್ಟಿದೆ. ಇದನ್ನು ನಿವಾರಿಸಲು ದುಬಾರಿ ಯಂತ್ರಗಳು ಬೇಕಾಗಿಲ್ಲ. ಖಲ್ಲಿನಲ್ಲಿ ಅರೆದು ಕೂಡಿಸಲು ಯತ್ನಿಸಿ ವಿಫಲವಾದ ಜೋಡಿಗಳ ಪಟ್ಟಿಯನ್ನು, ಅಂದಿನ ತಾಪಮಾನ ಮತ್ತು ಆರ್ದ್ರತೆಗಳ ಸಹಿತ, ಪ್ರತಿ ಸ್ನಾತಕೋತ್ತರ ವಿಭಾಗವೂ ಇಟ್ಟು ಪ್ರಕಟಿಸಬಹುದು. ಜಾಗತಿಕ ಸಂಚಯದಲ್ಲಿ ಇಲ್ಲದ ಆ ಮಾಹಿತಿಯನ್ನು ಒದಗಿಸಲು ಕರಾವಳಿಯ ಒಂದು ಸಾಮಾನ್ಯ ಕಾಲೇಜಿನ ಪ್ರಯೋಗಶಾಲೆಗೂ ಸಾಮರ್ಥ್ಯವಿದೆ.